ತಲಪಾಡಿಯಾಚೆಗೊಂದು ಸಿನೆಮಾ

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರುಗಳ ಹಾದಿ. ಎರಡೂ ರಾಜ್ಯಗಳ ಸರಕಾರಿ ಬಸ್ಸುಗಳು ಒಂದರ ಬೆನ್ನಿಗೊಂದರಂತೆ ಈ ಹಾದಿಯಲ್ಲಿ ಓಡುತ್ತವೆ. ವಾರದ ದಿನಗಳಲ್ಲಿ ಅವುಗಳನ್ನು ತುಂಬುವವರು ಆಸ್ಪತ್ರೆಗೆ ಹೊರಟವರು, ಕಾಲೇಜು ವಿದ್ಯಾರ್ಥಿಗಳು, ಮದುವೆಯ ಜವುಳಿಗೆಂದು ಹೊರಟ ಹೆಂಗಸರು. ಭಾನುವಾರ ಇವರೊಡನೆ ಇನ್ನೊಂದು ಬಗೆಯ ಪ್ರಯಾಣಿಕರೂ ಕಾಣಸಿಗುತ್ತಾರೆ: ಕನ್ನಡ ಸಿನೆಮಾ ನೋಡಲೆಂದೇ ಗಡಿ ದಾಟುವ ಕುಟುಂಬಗಳು.

2025ರ ಆಟಿ ತಿಂಗಳ ಒಂದು ಭಾನುವಾರ ಕುಂಬಳೆಯಲ್ಲಿ ಬಸ್ಸೇರಿದ ನಾಲ್ವರು ಅಂಥವರೇ ಆಗಿದ್ದರು. ತಂದೆ, ತಾಯಿ, ಏಳನೆಯ ತರಗತಿಯ ಮಗಳು, ಮೂರನೆಯ ತರಗತಿಯ ಮಗ. ಇಬ್ಬರು ಮಕ್ಕಳೂ ಕನ್ನಡ ಮಾಧ್ಯಮದವರು. ಮನೆಯ ಮಾತು ತುಳು, ಅಂಗಡಿಯ ಮಾತು ಮಲಯಾಳಂ, ಪುಸ್ತಕದ ಮಾತು ಕನ್ನಡ. ಸಪ್ತಭಾಷಾ ಸಂಗಮಭೂಮಿ ಎಂದು ಭಾಷಣಗಳಲ್ಲಿ ಹೊಗಳಿಸಿಕೊಳ್ಳುವ ನಾಡಿನಲ್ಲಿ ಇದೇನೂ ವಿಶೇಷವಲ್ಲ. ನೋಡಲು ಹೊರಟ ಚಿತ್ರ ‘ಸು ಫ್ರಮ್ ಸೋ’. ಜುಲೈ 25ರಂದು ಕನ್ನಡದಲ್ಲಿ ಬಿಡುಗಡೆಯಾದ ಈ ಚಿತ್ರ ಒಂದೇ ವಾರದಲ್ಲಿ, ಆಗಸ್ಟ್ 1ರಂದು, ದುಲ್ಖರ್ ಸಲ್ಮಾನರ ಸಂಸ್ಥೆಯ ಮೂಲಕ ಮಲಯಾಳಂ ಧ್ವನಿ ಪಡೆದು ಕೇರಳದ ಪರದೆಗಳಿಗೂ ಬಂದಿತ್ತು. ಹುಡುಗನಿಗೆ ಈ ಸುದ್ದಿ ತಿಳಿದಿತ್ತು.

“ಇಷ್ಟು ದೂರ ಯಾಕೆ ಅಪ್ಪಾ? ನಮ್ಮಲ್ಲಿಯೂ ಉಂಟಲ್ಲ?”

“ಉಂಟು ಮಗಾ, ಮಲಯಾಳದಲ್ಲಿ.”

“ನನಗೆ ಮಲಯಾಳ ಬರ್ತದೆ.”

ತಂದೆಗೆ ಉತ್ತರ ಹೊಳೆಯಲಿಲ್ಲ. ತಾಯಿಯೇ ಹೇಳಿದರು: “ತುಮಿನಾಡಿನವರು ಮಾತಾಡಿದ್ದನ್ನು ಮಲಯಾಳದಲ್ಲಿ ಕೇಳ್ಲಿಕ್ಕೆ ಹೋಗುವುದಾ? ಅವರ ಮನೆ ಅಲ್ಲಿಯೇ ಅಲ್ಲವಾ, ದಾರಿಯಲ್ಲಿ.”

ಈ ಮಾತಿನೊಳಗೆ ಅಂದಿನ ಪ್ರಯಾಣದ ಕಾರಣವೆಲ್ಲ ಅಡಗಿತ್ತು. ಅದಕ್ಕೊಂದು ಹಿನ್ನೆಲೆಯೂ ಇತ್ತು. ಬರುವ ಜೂನಿನಲ್ಲಿ ಹುಡುಗನನ್ನು ಆಂಗ್ಲ ಮಾಧ್ಯಮಕ್ಕೆ ಸೇರಿಸಬೇಕೇ ಬೇಡವೇ ಎಂಬ ಚರ್ಚೆ ಆ ಮನೆಯಲ್ಲಿ ಕೆಲವು ತಿಂಗಳಿನಿಂದ ನಡೆಯುತ್ತಿತ್ತು. ಸೋದರಮಾವನ ಮಕ್ಕಳು ಈಗಾಗಲೇ ಹೋಗಿದ್ದಾರೆ. ಅವರ ಶಾಲೆಯ ವಾಹನ ಮನೆಯೆದುರಿನ ಓಣಿಗೇ ಬರುತ್ತದೆ. ಕನ್ನಡ ಶಾಲೆಗೆ ಹೋಗುವವನು ಕೊಡೆ ಹಿಡಿದು ನಡೆಯಬೇಕು. ಎಂಟು ವರ್ಷದ ಹುಡುಗನ ಲೆಕ್ಕಾಚಾರದಲ್ಲಿ ಇವೆಲ್ಲಕ್ಕೂ ಬೆಲೆಯಿದೆ.

ಕುಂಬಳೆ ಯಕ್ಷಗಾನದ ಪಾರ್ತಿಸುಬ್ಬನ ಊರು. ಈ ದಾರಿಯಲ್ಲಿ ಸಾಗುವವರು ನೆನಪಿಡಬೇಕಾದ ಸಂಗತಿಯೊಂದು ಇಲ್ಲಿದೆ. ಗಡಿನಾಡಿನ ಬಹುಪಾಲು ಜನರಿಗೆ ಕನ್ನಡವು ತೊಟ್ಟಿಲ ಮಾತಲ್ಲ. ಹವ್ಯಕರ ಮನೆಗಳನ್ನೂ ಇನ್ನು ಕೆಲವರ ಮನೆಗಳನ್ನೂ ಬಿಟ್ಟರೆ ಉಳಿದವರಿಗೆ ಮನೆಯೊಳಗೆ ತುಳು, ಕೊಂಕಣಿ, ಮರಾಟಿ, ಬ್ಯಾರಿ. ಕನ್ನಡ ಅವರಿಗೆ ದೊರೆತದ್ದು ಎರಡು ಕಡೆ: ಶಾಲೆಯಲ್ಲಿ ಮತ್ತು ಆಟದ ಬಯಲಿನಲ್ಲಿ. ಅಕ್ಷರ ಅರಿಯದ ಕೃಷಿಕ ರಾತ್ರಿಯಿಡೀ ಕುಳಿತು ರಾಮ ರಾವಣರ ಅರ್ಥಗಾರಿಕೆಯ ಪ್ರೌಢ ಕನ್ನಡವನ್ನು ಕೇಳಿ, ಮರುದಿನ ಗದ್ದೆಯಲ್ಲಿ ತುಳುವಿನಲ್ಲಿಯೇ ಅದರ ತಪ್ಪೊಪ್ಪುಗಳನ್ನು ವಿಮರ್ಶಿಸುತ್ತಿದ್ದ. ಶಾಲೆ ಕಲಿಸುತ್ತಿದ್ದ ಭಾಷೆಯನ್ನು ರಂಗಸ್ಥಳವು ಸುಖಪಡಿಸುತ್ತಿತ್ತು. ಇಂದಿನ ಮಕ್ಕಳಲ್ಲಿ ಆಟಕ್ಕೆ ನಿದ್ದೆಗೆಡುವವರು ಕಡಿಮೆ. ಹಾಗಾದರೆ ಕನ್ನಡದಲ್ಲಿ ನಗಲು, ಅಳಲು, ಸಿಟ್ಟಾಗಲು ಅವರಿಗೆ ಎಡೆಯೆಲ್ಲಿ? ತರಗತಿಯಲ್ಲಿ ಪ್ರಶ್ನೋತ್ತರ ಬರೆಯುವುದಕ್ಕಷ್ಟೇ ಒಂದು ಭಾಷೆ ಇದೆಯೆಂದಾದರೆ ಮಗುವಿಗೆ ಅದರ ಮೇಲೆ ಮಮತೆ ಹುಟ್ಟುವುದು ಕಷ್ಟ. ಸಿನೆಮಾದ ಮಾತು ಬರುವುದು ಇಲ್ಲಿ.

ಶಿರಿಯಾ ಹೊಳೆ ದಾಟಿ ಉಪ್ಪಳದತ್ತ ಸಾಗುವಾಗ ಮಗಳು ಹಳೆಯ ಚಿತ್ರದ ಮಾತೆತ್ತಿದಳು. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ 2018ರ ಆಗಸ್ಟಿನಲ್ಲಿ ತೆರೆಗೆ ಬಂದಾಗ ಅವಳಿಗೆ ಐದು ವರ್ಷ. ಆಗ ಇದೇ ಕುಟುಂಬ ಇದೇ ಬಸ್ಸಿನಲ್ಲಿ ಹೋಗಿತ್ತು. ಅವಳಿಗೆ ನೆನಪಿರುವುದು ಹಾಡುಗಳು ಮಾತ್ರ. ಉಳಿದದ್ದನ್ನು ಆಮೇಲೆ ಟಿ.ವಿ.ಯಲ್ಲಿ ನಾಲ್ಕೈದು ಸಲ ನೋಡಿ ತುಂಬಿಕೊಂಡಿದ್ದಾಳೆ. ಕನ್ನಡ ಮಾಧ್ಯಮದ ಮನೆಗಳಲ್ಲಿ ಆ ಚಿತ್ರವನ್ನು ನೋಡದವರು ವಿರಳ. ಹೆಸರಿನಲ್ಲಿಯೇ ತಮ್ಮೂರಿರುವ ಕನ್ನಡ ಚಿತ್ರ ಅವರಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

ರಿಷಬ್ ಶೆಟ್ಟಿಯವರ ಆ ಚಿತ್ರದಲ್ಲಿ ಇಂದಿಗೂ ಮೆಚ್ಚಬೇಕಾದ ಗುಣಗಳು ಹಲವು. ಅದರ ಹೆಸರನ್ನೇ ನೋಡಬಹುದು. ‘ಕೊಡುಗೆ’ ಎಂಬ ಪದವನ್ನು ಗಡಿನಾಡಿನ ಮಗು ಕಲಿಯುವುದು ನಿಘಂಟಿನಿಂದಲ್ಲ; ಶಾಲೆಯ ನೀರಿನ ಟಾಂಕಿ, ಬೆಂಚು, ಗೋಡೆಗಡಿಯಾರ, ರಂಗಮಂಟಪ ಇವುಗಳ ಮೇಲೆ ಬರೆದ ಹೆಸರುಗಳಿಂದ. ಊರಿನ ಯಾರೋ ಒಬ್ಬರು ಜಾಗ ಕೊಟ್ಟು, ಇನ್ನೊಬ್ಬರು ಹಂಚು ಕೊಟ್ಟು, ಮತ್ತೊಬ್ಬರು ಮರ ಕೊಟ್ಟು ಎದ್ದುನಿಂತ ಶಾಲೆಗಳು ಇಲ್ಲಿ ಬೇಕಾದಷ್ಟಿವೆ. ಒಂದು ಶಾಲೆಯ ಚರಿತ್ರೆಯನ್ನೆಲ್ಲ ಗೋಡೆಬರಹದ ಒಂದೇ ಪದದಲ್ಲಿ ಹಿಡಿದದ್ದು ಆ ಚಿತ್ರದ ಜಾಣ್ಮೆ. ಏಳನೆಯ ತರಗತಿಯಲ್ಲಿ ಮುಗ್ಗರಿಸುವ ದಡ್ಡ ಪ್ರವೀಣ, ಮಮ್ಮುಟ್ಟಿ ಎಂಬ ಹೆಸರಿನ ಅವನ ಗೆಳೆಯ, ಮೀಸೆ ಮೊಳೆಯುವ ಕಾಲದ ಅವರ ಸಣ್ಣ ಪ್ರೇಮ ಮತ್ತು ಸಣ್ಣ ಸುಳ್ಳುಗಳು, ಇವೆಲ್ಲ ಮಕ್ಕಳ ಚಿತ್ರವೆಂದು ಸಕ್ಕರೆ ಹಾಕಿ ಬರೆದವಲ್ಲ. ವಾಸುಕಿ ವೈಭವರ ಸಂಗೀತ, ಭುಜಂಗನಾಗಿ ಪ್ರಕಾಶ್ ತುಮಿನಾಡು, ಆಮೇಲೆ ಇಡೀ ಚಿತ್ರವನ್ನು ತಮ್ಮ ತೋಳಿಗೇರಿಸಿಕೊಂಡು ನಡೆಯುವ ಅನಂತನಾಗ್. ಉತ್ತಮ ಮಕ್ಕಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ 2019ರಲ್ಲಿ ಘೋಷಣೆಯಾದಾಗ ಗಡಿಯ ಈಚೆಯೂ ಹಿಗ್ಗಿದವರು ಅನೇಕರು.

ಮೆಚ್ಚಿದವರ ಮಾತಿಗೆ ಹೆಚ್ಚು ಕಿವಿಗೊಡಬೇಕು. ಆದರೆ ಮೆಚ್ಚಿದವರೇ ಸಂಕೋಚದಿಂದ ಆಡುವ ಒಂದೆರಡು ಆಕ್ಷೇಪಗಳೂ ಇವೆ. ಚಿತ್ರದಲ್ಲಿ ಶಾಲೆಗೆ ಕುತ್ತು ಬರುವುದು ಹೊರಗಿನಿಂದ. ಕನ್ನಡ ತಿಳಿಯದ ಗಣಿತ ಶಿಕ್ಷಕರು ಬರುತ್ತಾರೆ, ಅಧಿಕಾರಿಗಳು ಶಾಲೆ ಮುಚ್ಚಿಸುತ್ತಾರೆ. ಪರಿಹಾರವೂ ಹೊರಗಿನಿಂದಲೇ. ಮೈಸೂರಿನಿಂದ ಅನಂತಪದ್ಮನಾಭ ಎಂಬ ಹಿರಿಯರನ್ನು ಕರೆತರುತ್ತಾರೆ, ಅವರು ನ್ಯಾಯಾಲಯದಲ್ಲಿ ವಾದಿಸುತ್ತಾರೆ, ಶಾಲೆ ಉಳಿಯುತ್ತದೆ. ಚಪ್ಪಾಳೆ ಬೀಳುವುದು ಸಹಜ. ಕನ್ನಡ ಬಾರದ ಶಿಕ್ಷಕರ ನೇಮಕಾತಿ ಕಟ್ಟುಕಥೆಯೂ ಅಲ್ಲ. ಅದಕ್ಕಾಗಿ ಮಳೆಯಲ್ಲಿ ನಿಂತು ಘೋಷಣೆ ಕೂಗಿದ ತಾಯ್ತಂದೆಯರು ಈ ಜಿಲ್ಲೆಯಲ್ಲಿದ್ದಾರೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆನ್ನುವ ಸಂವಿಧಾನದ 350ಎ ವಿಧಿ ಸೇರ್ಪಡೆಯಾದದ್ದು 1956ರಲ್ಲಿ, ಅಂದರೆ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದ ವರ್ಷವೇ. ಆ ವಿಧಿಯ ಹೆಸರು ಹೇಳಿ ಕಚೇರಿಗಳ ಮೆಟ್ಟಿಲು ಹತ್ತಿದವರ ಚಪ್ಪಲಿ ಎಷ್ಟು ಸವೆದಿದೆಯೆಂಬುದು ಇಲ್ಲಿಯ ಹಿರಿಯರಿಗೆ ಗೊತ್ತು.

ಆದರೆ ಅದಷ್ಟೇ ನಿಜವೆ? ಒಂದೇ ಶಾಲೆಯೊಳಗೆ ಮಲಯಾಳಂ ಮತ್ತು ಕನ್ನಡ ವಿಭಾಗಗಳು ಅಕ್ಕಪಕ್ಕದಲ್ಲಿ ನಡೆಯುವ ಕಡೆ, ಪ್ರತಿ ಜೂನಿನಲ್ಲಿ ಕನ್ನಡ ವಿಭಾಗದ ಅಧ್ಯಾಪಕರು ಒಂದನೆಯ ತರಗತಿಗೆ ಮಕ್ಕಳನ್ನು ಹುಡುಕಿಕೊಂಡು ಮನೆಮನೆಗೆ ಹೋಗುತ್ತಾರೆ. ಆ ಮನೆಗಳಲ್ಲಿ ಅವರಿಗೆ ಬೆಲ್ಲ ನೀರು ಸಿಗುತ್ತದೆ, ಮರ್ಯಾದೆ ಸಿಗುತ್ತದೆ, ಕೆಲವೊಮ್ಮೆ ಮಗು ಮಾತ್ರ ಸಿಗುವುದಿಲ್ಲ. ಬೇಡವೆನ್ನುವವರಲ್ಲಿ ಕನ್ನಡ ಶಾಲೆಯಲ್ಲಿಯೇ ಕಲಿತವರು, ಕನ್ನಡದ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕೂರುವವರು ಇರುತ್ತಾರೆ. ಇಲ್ಲಿ ಖಳನಾಯಕರಿಲ್ಲ, ವಾಹನದ ಸೌಕರ್ಯ, ಮುಂದಿನ ಕಾಲೇಜಿನ ಚಿಂತೆ, ನೆಂಟರ ಮಕ್ಕಳೊಡನೆ ಹೋಲಿಕೆ ಇವಿಷ್ಟೇ. 2018ರ ಚಿತ್ರ ಈ ಬಾಗಿಲನ್ನು ತಟ್ಟಲಿಲ್ಲ. ತಟ್ಟಿದ್ದರೆ ಅದು ಅಷ್ಟು ಜನಪ್ರಿಯವಾಗುತ್ತಿತ್ತೋ ಇಲ್ಲವೋ. ಮಲಯಾಳಿ ಅಧ್ಯಾಪಕರ ದೃಶ್ಯಗಳಿಗೆ ಚಿತ್ರಮಂದಿರ ನಕ್ಕಾಗ, ಪಕ್ಕದ ಮನೆಯ ಮಲಯಾಳಿಯೊಡನೆ ಹಬ್ಬದ ಪಾಯಸ ಹಂಚಿಕೊಳ್ಳುವ ಗಡಿನಾಡಿನ ಪ್ರೇಕ್ಷಕನ ನಗು ಬೆಂಗಳೂರಿನವನ ನಗುವಿಗಿಂತ ಸ್ವಲ್ಪ ಮೊದಲೇ ನಿಂತಿರಬೇಕು.

ಇನ್ನೊಂದು ಸಣ್ಣ ತಮಾಷೆ. ಚಿತ್ರದ ಕಾಸರಗೋಡಿನ ಶಾಲೆ ನಿಂತಿರುವುದು ಕರ್ನಾಟಕದಲ್ಲಿ. ಬಹುಭಾಗದ ಚಿತ್ರೀಕರಣ ನಡೆದದ್ದು ದಕ್ಷಿಣ ಕನ್ನಡದ ಕೈರಂಗಳ ಎಂಬಲ್ಲಿ, ಮುಡಿಪಿನ ಸಮೀಪ. ಕೇರಳದ ಗಡಿ ಅಲ್ಲಿಂದ ದೂರವಿಲ್ಲ. ‘ಹಿರಿಯ ಪ್ರಾಥಮಿಕ’ ಎಂಬ ಹೆಸರು ಕೂಡ ಕರ್ನಾಟಕದ ರೂಢಿ. ಇಲ್ಲಿಯವರ ಬಾಯಲ್ಲಿ ಅದು ಬರಿಯ ‘ಯು.ಪಿ. ಶಾಲೆ’. ಏಳನೆಯ ತರಗತಿಯ ಹುಡುಗಿ ಇದನ್ನು ಮೊದಲೇ ಪತ್ತೆ ಹಚ್ಚಿದ್ದಳು. “ಅಪ್ಪಾ, ಆ ಶಾಲೆಗೆ ನಮ್ಮ ಎ.ಇ.ಒ. ಬರ್ಲಿಕ್ಕೇ ಆಗುವುದಿಲ್ಲ, ಗೊತ್ತುಂಟಾ?” ಎಂದು ನಗುತ್ತಿದ್ದಳು. ಗೇರು ಮರ, ಹಂಚಿನ ಮಾಡು, ಕೆಂಪು ಕಲ್ಲಿನ ಗೋಡೆ, ಮಳೆ ಇವು ಗಡಿಯ ಎರಡೂ ಬದಿ ಒಂದೇ ಆದುದರಿಂದ ಕೆಮರಾಕ್ಕೆ ವ್ಯತ್ಯಾಸ ತಿಳಿಯಲಿಲ್ಲ.

ಉಪ್ಪಳ, ಹೊಸಂಗಡಿ. ಆರು ಪಥಗಳ ಹೆದ್ದಾರಿ ಬಂದ ಮೇಲೆ ಈ ಊರುಗಳು ಬಸ್ಸಿನ ಕಿಟಕಿಗೆ ಮೊದಲಿನಂತೆ ಕಾಣುವುದಿಲ್ಲ. ಗೋಡೆಗಳು ಎದ್ದಿವೆ, ಮರಗಳು ಹೋಗಿವೆ. ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ‘ಗಿಳಿವಿಂಡು’ ಎಂಬ ಹೆಸರಿನಲ್ಲಿ ಸ್ಮಾರಕವಾಗಿ ನಿಂತಿದೆ. ಕೊಂಕಣಿ ಮನೆಮಾತಿನವರಾಗಿದ್ದು, ಹಲವು ಭಾಷೆಗಳನ್ನು ಬಲ್ಲವರಾಗಿದ್ದು ಕನ್ನಡದಲ್ಲಿ ಬರೆದವರು ಅವರು. ಹುಡುಗಿಯ ಶಾಲೆಯವರು ಒಮ್ಮೆ ಅಲ್ಲಿಗೆ ಪ್ರವಾಸ ಕರೆದುಕೊಂಡು ಹೋಗಿದ್ದರು. ಅವಳಿಗೆ ಚೆನ್ನಾಗಿ ನೆನಪಿರುವುದು ಅಂದಿನ ಊಟದ ಡಬ್ಬಿ ಬಸ್ಸಿನಲ್ಲಿ ಚೆಲ್ಲಿದ್ದು.

ಕುಂಜತ್ತೂರು ಕಳೆದರೆ ತುಮಿನಾಡು, ಅದರ ಆಚೆಗೇ ತಲಪಾಡಿಯ ಗಡಿ. ಸೂಕ್ಷ್ಮವಾಗಿ ನೋಡದಿದ್ದರೆ ಕಣ್ಣು ತಪ್ಪಿಸಿ ಹೋಗುವ ಊರು. ‘ಸು ಫ್ರಮ್ ಸೋ’ ಚಿತ್ರವನ್ನು ಬರೆದು, ನಿರ್ದೇಶಿಸಿ, ಮುಖ್ಯ ಪಾತ್ರದಲ್ಲಿ ನಟಿಸಿದ ಜೆ.ಪಿ. ತುಮಿನಾಡು ಈ ಊರಿನವರು. ಭುಜಂಗನ ಪಾತ್ರದ ಪ್ರಕಾಶ್ ತುಮಿನಾಡು ಅವರ ಹೆಸರಿನಲ್ಲಿಯೂ ಇದೇ ಊರು. ಕೇರಳದ ನಕ್ಷೆಯೊಳಗಿನ ಒಂದು ಹಳ್ಳಿ ಎರಡು ಹೆಸರುಗಳ ಬಾಲದಲ್ಲಿ ಕುಳಿತು ಬೆಂಗಳೂರಿನ, ಮೈಸೂರಿನ, ಹುಬ್ಬಳ್ಳಿಯ ಚಿತ್ರಮಂದಿರಗಳ ಪರದೆಯ ಮೇಲೆ ಕನ್ನಡ ಲಿಪಿಯಲ್ಲಿ ಮೂಡಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಮಾಡಿದ ಶಿಫಾರಸು ಕಡತದಲ್ಲಿಯೇ ಉಳಿಯಿತು. ತುಮಿನಾಡಿನ ಹೆಸರು ಮಾತ್ರ ಯಾರ ಶಿಫಾರಸೂ ಇಲ್ಲದೆ ಗಡಿ ದಾಟಿತು.

ಚಂದ್ರಗಿರಿಯ ತೆಂಕಣದ ಕತೆ ಬೇರೆ. ಕಾಞಂಗಾಡಿನ ಸೆನ್ನ ಹೆಗ್ಡೆ 2018ರಲ್ಲಿ ‘ಕಥೆಯೊಂದು ಶುರುವಾಗಿದೆ’ ಎಂಬ ಕನ್ನಡ ಚಿತ್ರ ಮಾಡಿ, ಮುಂದೆ ತಮ್ಮೂರಿನ ಒಂದು ನಿಶ್ಚಿತಾರ್ಥದ ಮನೆಯ ಗದ್ದಲವನ್ನೇ ‘ತಿಂಗಳಾಳ್ಚ ನಿಶ್ಚಯಂ’ ಎಂಬ ಮಲಯಾಳಂ ಚಿತ್ರವಾಗಿಸಿದರು. ‘ನ್ನಾ ತಾನ್ ಕೇಸ್ ಕೊಡ್’ ಬಂದದ್ದು 2022ರಲ್ಲಿ. ಎರಡರಲ್ಲಿಯೂ ಇರುವುದು ತೆಂಕಣ ಕೇರಳದವರು ಕೇಳಿ ನಗುವ ಬಡಗಿನ ಮಲಯಾಳಂ. ಅದನ್ನು ನಗೆಪಾಟಲಿಗೀಡುಮಾಡದೆ, ಆ ಮಾತಿನಲ್ಲಿಯೇ ಬದುಕುವವರ ಕತೆಯಾಗಿ ಹೇಳಿದ್ದಾರೆ. ಮಲಯಾಳಂ ಸಿನೆಮಾದ ಗುಣದ ಬಗೆಗೆ ಗಡಿನಾಡಿನ ಕನ್ನಡಿಗರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ, ಅವರು ಅದನ್ನು ನೋಡಿಯೇ ಬೆಳೆದವರು. ಆದುದರಿಂದಲೇ ಕನ್ನಡದ್ದನ್ನು ಬರಿಯ ಅಭಿಮಾನದಿಂದ ಒಪ್ಪಿಕೊಳ್ಳುವುದು ಅವರಿಗೆ ಸಾಧ್ಯವಾಗುವುದಿಲ್ಲ.

ಕರಾವಳಿಯ ಕನ್ನಡಕ್ಕೂ ಪರದೆಯ ಮೇಲೆ ಇದೇ ಗತಿಯಿತ್ತು. ಬಹುಕಾಲ ಅದು ಬೆಂಗಳೂರಿನ ಚಿತ್ರಗಳಲ್ಲಿ ಹೋಟೆಲಿನ ಮಾಣಿಯದೋ ಅಡುಗೆ ಭಟ್ಟರದೋ ಮಾತಾಗಿ, ಒಂದು ದೃಶ್ಯ ನಗಿಸಿ ಒಳಗೆ ಹೋಗುತ್ತಿತ್ತು. ನಾಯಕನಿಗೆ ಆ ಮಾತು ಸಲ್ಲುತ್ತಿರಲಿಲ್ಲ. ‘ಉಂಟು’, ‘ಎಂತದು’, ‘ಮಾರಾಯ’ ಎಂದವನು ಪ್ರೀತಿಸಬಾರದು, ಹೊಡೆದಾಡಬಾರದು ಎಂಬಂಥ ಅಲಿಖಿತ ಕಟ್ಟಳೆ. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ 2014ರಲ್ಲಿ ಅದನ್ನು ಮುರಿಯಿತು. ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ 2017ರಲ್ಲಿ ಇನ್ನೂ ಮುಂದೆ ಹೋಗಿ, ತಲೆ ಬೋಳಾದ ಒಬ್ಬ ಕನ್ನಡ ಉಪನ್ಯಾಸಕನನ್ನೇ ನಾಯಕನನ್ನಾಗಿಸಿತು. ಅದೇ ರಾಜ್ ಬಿ. ಶೆಟ್ಟಿಯವರು ‘ಸು ಫ್ರಮ್ ಸೋ’ದ ನಿರ್ಮಾಪಕರಲ್ಲೊಬ್ಬರು; ಕರುಣಾಕರ ಗುರೂಜಿಯಾಗಿ ಪರದೆಯ ಮೇಲೂ ಬರುತ್ತಾರೆ.

ತಲಪಾಡಿ ದಾಟಿದೊಡನೆ ಫಲಕಗಳ ಲಿಪಿ ಬದಲಾಗುತ್ತದೆ, ಮಳೆ ಬದಲಾಗುವುದಿಲ್ಲ. ಸ್ವಲ್ಪ ಮುಂದೆ ಪಡುವಣಕ್ಕೆ ತಿರುಗಿದರೆ ಸೋಮೇಶ್ವರ, ಚಿತ್ರದ ಹೆಸರಿನ ‘ಸೋ’. ತುಮಿನಾಡಿಗೂ ಸೋಮೇಶ್ವರಕ್ಕೂ ನಡುವಿನ ದೂರ ಬಸ್ಸಿಗೆ ಕೆಲವೇ ನಿಮಿಷಗಳದು. ಕತೆ ಹುಟ್ಟಿದ ಅಂಗಳ ಇಷ್ಟೇ ಅಗಲ ಎಂಬುದು ಈ ದಾರಿಯಲ್ಲಿ ಬಂದವರಿಗಷ್ಟೇ ಮನದಟ್ಟಾಗುತ್ತದೆ. ಆಮೇಲೆ ತೊಕ್ಕೊಟ್ಟು, ಉಕ್ಕಿ ಹರಿಯುವ ಕೆಂಪು ನೇತ್ರಾವತಿ, ಪಂಪ್‌ವೆಲ್. ಜ್ಯೋತಿ ಚಿತ್ರಮಂದಿರದ ದಿನಗಳು ಮುಗಿದರೂ ಅದರೆದುರಿನ ವೃತ್ತವನ್ನು ಮಂಗಳೂರು ಇಂದಿಗೂ ‘ಜ್ಯೋತಿ’ ಎಂದೇ ಕರೆಯುತ್ತದೆ. ಈಗಿನ ಪ್ರದರ್ಶನಗಳು ಹೆಚ್ಚಾಗಿ ಮಾಲುಗಳಲ್ಲಿ. ನಾಲ್ವರ ಟಿಕೇಟು, ಬಸ್ಸಿನ ದುಡ್ಡು, ಮಕ್ಕಳು ಹಟ ಹಿಡಿದ ಜೋಳದ ಪುರಿ ಎಲ್ಲ ಸೇರಿದರೆ ಸಾಮಾನ್ಯ ಸಂಸಾರಕ್ಕೆ ಅದು ತಿಂಗಳ ಲೆಕ್ಕದಲ್ಲಿ ಬರೆದಿಡುವಂಥ ವೆಚ್ಚವೇ.

ಚಿತ್ರದ ಕತೆ ಸಣ್ಣದು. ಕಡಲ ಬದಿಯ ಒಂದು ಹಳ್ಳಿಯ ಅಶೋಕ ಎಂಬ ಪಡ್ಡೆ ಹುಡುಗ ಮದುವೆಯ ಮನೆಯೊಂದರಲ್ಲಿ ಹೆಣ್ಣುಮಗಳೊಬ್ಬಳು ಸ್ನಾನ ಮಾಡುವುದನ್ನು ಇಣುಕಲು ಹೋಗಿ ಸಿಕ್ಕಿಬೀಳುವ ಹೊತ್ತಿಗೆ, ಪಾರಾಗಲೆಂದು ಮೈಮೇಲೆ ಬಂದವನಂತೆ ನಟಿಸುತ್ತಾನೆ. ಸೋಮೇಶ್ವರದ ಸುಲೋಚನೆ ಎಂಬ ತೀರಿಹೋದ ಹೆಂಗಸಿನ ಪ್ರೇತ ಅವನನ್ನು ಹಿಡಿದಿದೆಯೆಂದು ಊರು ನಂಬುತ್ತದೆ. ಆಮೇಲಿನದು ಊರಿನ ಕತೆ. ಯಾವ ಕಾರ್ಯಕ್ಕೂ ಮುಂದಾಳಾದ ರವಿಯಣ್ಣ, ಗುಂಪಿನ ಎಲ್ಲರಿಗೂ ‘ಬಾವ’ನೇ ಆದ ಒಬ್ಬ ಬಾವ, ಹೆದರಿಕೆಯನ್ನು ಹೆದರಿಕೆಯಿಂದಲೇ ಮುಚ್ಚಿಕೊಳ್ಳುವ ಗಂಡಸರು.

ಇದರ ಗೆಲುವು ಮಾತಿನಲ್ಲಿದೆ. ಪಾತ್ರಗಳು ಕನ್ನಡದ ಬಗೆಗೆ ಒಂದು ಮಾತನ್ನೂ ಆಡುವುದಿಲ್ಲ. ಕನ್ನಡವನ್ನು ಆಡುತ್ತವೆ, ಅಷ್ಟೆ. ತುಳುವಿನ ಲಯ ಒಳಗಿಟ್ಟುಕೊಂಡ, ವಾಕ್ಯದ ತುದಿಯನ್ನು ಎಳೆಯುವ, ಪುಸ್ತಕದ ಪದವನ್ನು ಅಂಗಳದ ಮಾತಿನೊಳಗೆ ಸಲೀಸಾಗಿ ತೂರಿಸುವ ಕನ್ನಡ ಅದು. ಮೂರನೆಯ ತರಗತಿಯ ಹುಡುಗ ಮೊದಲ ಹತ್ತು ನಿಮಿಷ ಅಕ್ಕನ ಮುಖ ನೋಡುತ್ತಿದ್ದ. ಶಾಲೆಯಲ್ಲಿ ಅವನು ಹೀಗೆ ಮಾತಾಡಿದರೆ ಗ್ರಾಂಥಿಕವಾಗಿ ಹೇಳೆಂದು ತಿದ್ದುತ್ತಾರೆ. ಇಲ್ಲಿ ನೂರಾರು ಜನ ಅದಕ್ಕೆ ನಗುತ್ತಿದ್ದಾರೆ. ಮಾತಾಡಿದವನನ್ನು ಗೇಲಿ ಮಾಡುವ ನಗುವಲ್ಲ, ಮಾತಿಗೆ ಮಾತು ಕೂಡಿದಾಗ ಬರುವ ನಗು. ಮಧ್ಯಂತರದ ಹೊತ್ತಿಗೆ ಅವನು ಕುರ್ಚಿಯ ಅಂಚಿಗೆ ಬಂದಿದ್ದ. ಮಲಯಾಳಂ ಧ್ವನಿಯಲ್ಲಿ ಇದೇ ಹಾಸ್ಯ ಕೇರಳದ ಜನರಿಗೂ ಹಿಡಿಸಿರಬಹುದು, ದೃಶ್ಯಗಳ ಕಟ್ಟಡ ಅಷ್ಟು ಗಟ್ಟಿ. ಆದರೆ ಆಗ ಹುಡುಗನಿಗೆ ಸಿಗುತ್ತಿದ್ದುದು ಒಂದು ಒಳ್ಳೆಯ ಸಿನೆಮಾ ಮಾತ್ರ.

ಮಕ್ಕಳನ್ನು ಕರೆದೊಯ್ಯುವ ಹೆತ್ತವರು ಒಂದಿಷ್ಟು ಇರುಸುಮುರುಸಿಗೆ ಸಿದ್ಧರಿರಬೇಕು. ಕುಡಿತದ ಹಾಸ್ಯ ಧಾರಾಳವಾಗಿದೆ. ಇಣುಕುವ ದೃಶ್ಯವನ್ನು ಚಿತ್ರವೇನೂ ಕೊಂಡಾಡುವುದಿಲ್ಲ, ಇಡೀ ಕತೆ ಒಂದು ರೀತಿಯಲ್ಲಿ ಆ ತಪ್ಪಿನ ಪ್ರಾಯಶ್ಚಿತ್ತ. ಆದರೂ ಅದು ಕಾಣಿಸಿಕೊಂಡಾಗ ಕುಂಬಳೆಯ ತಾಯಿ ಮಗಳತ್ತ ನೋಡದೆ ಪರದೆಯನ್ನೇ ದಿಟ್ಟಿಸಿದರು. ಇನ್ನೂ ಗಂಭೀರವಾದ ತಕರಾರು ಕೊನೆಯ ಭಾಗದ್ದು. ಸುಲೋಚನೆಯ ಮಗಳು ಭಾನುವಿನ ಸಂಕಟಕ್ಕೆ ಊರು ಕಿವಿಗೊಡುವುದು ಪ್ರೇತದ ನೆಪದಿಂದ. ಬದುಕಿರುವ ಹೆಣ್ಣಿನ ಮಾತಿಗೆ ಸಿಗದ ಬೆಲೆ ಸತ್ತವಳ ಹೆಸರಿಗೆ ಸಿಗುತ್ತದೆಂಬ ಕಹಿಯನ್ನು ಚಿತ್ರ ಮುಟ್ಟುತ್ತದೆ, ಆದರೆ ಅಲ್ಲಿ ನಿಲ್ಲುವುದಿಲ್ಲ. ಗಂಡಸರು ಒಳ್ಳೆಯವರಾಗುವ ಸಂಭ್ರಮದಲ್ಲಿ ಭಾನು ಮಾತಾಡುವುದು ಕಡಿಮೆಯೇ. ಸಂಧ್ಯಾ ಅರಕೆರೆಯವರ ಕಣ್ಣು ಆ ಕೊರತೆಯನ್ನು ಸಾಧ್ಯವಾದಷ್ಟು ತುಂಬುತ್ತದೆ. ಹೊರಗೆ ಬರುವಾಗ ಹುಡುಗಿಯ ಪ್ರಶ್ನೆ ಅದೇ ಆಗಿತ್ತು: “ಅವಳು ಮೊದಲೇ ಹೇಳಿದ್ರೆ ಯಾರೂ ಕೇಳ್ತಿರ್ಲಿಲ್ವಾ ಅಮ್ಮಾ?” ತಾಯಿ ಕೊಡೆ ಬಿಡಿಸುತ್ತ, “ಕೇಳ್ತಿರ್ಲಿಲ್ಲ” ಎಂದರು.

ಎರಡು ಚಿತ್ರಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಮೊದಲಿನದರಲ್ಲಿ ಕನ್ನಡ ಒಂದು ದಾವೆ. ಅದಕ್ಕೆ ವಾದಿ ಬೇಕು, ಪ್ರತಿವಾದಿ ಬೇಕು, ತೀರ್ಪು ಬೇಕು. ಹೆತ್ತವರಿಗೆ ಅದು ಬೇಕಾದ ಚಿತ್ರ, ಶಾಲೆಯ ಹಕ್ಕಿನ ಮಾತನ್ನು ದೊಡ್ಡ ದನಿಯಲ್ಲಿ ಹೇಳಿದ ಚಿತ್ರ. ಎರಡನೆಯದು ಗಡಿಯ ಹೆಸರನ್ನೂ ಎತ್ತುವುದಿಲ್ಲ. ಮಾಧ್ಯಮ, ಅಲ್ಪಸಂಖ್ಯಾತ, ಹಕ್ಕು ಎಂಬ ಯಾವ ಪದವೂ ಅದಕ್ಕೆ ಬೇಕಿಲ್ಲ. ಹಾಗಿದ್ದೂ ಎಂಟು ವರ್ಷದ ಮಗುವಿನ ಮಟ್ಟಿಗೆ ಹೆಚ್ಚು ಕೆಲಸ ಮಾಡುವುದು ಅದೇ. ದಾವೆ ಗೆದ್ದ ಭಾಷ��ಯನ್ನು ಮಗು ಗೌರವಿಸೀತು, ನಕ್ಕ ಭಾಷೆಯಲ್ಲಿ ಅದು ಮರುದಿನ ತಾನೂ ನಗಿಸಲು ನೋಡುತ್ತದೆ. ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಗಡಿನಾಡಿನ ನೋವಿನ ಭಾಷಣಗಳಿಗೆ ಮೀಸಲಿಡುವ ಹೊತ್ತಿನಲ್ಲಿ ಅರ್ಧವನ್ನು ಮಕ್ಕಳ ಒಂದು ತುಂಟ ಪ್ರಹಸನಕ್ಕೆ, ಅವರ ಆಡುಮಾತಿನಲ್ಲಿಯೇ, ಬಿಟ್ಟುಕೊಟ್ಟರೆ ನಷ್ಟವೇನೂ ಆಗಲಿಕ್ಕಿಲ್ಲ.

ಮರಳುವ ಬಸ್ಸು ಸಂಜೆ ಆರಕ್ಕೆ ಹೊರಟಿತು. ಕೇರಳದ ಬಸ್ಸು, ನಿರ್ವಾಹಕರು ಮಲಯಾಳಂನಲ್ಲಿ ಟಿಕೇಟು ಕೇಳಿದರು, ತಂದೆ ಮಲಯಾಳಂನಲ್ಲಿಯೇ ಕುಂಬಳೆಗೆ ನಾಲ್ಕು ಎಂದರು. ಹುಡುಗ ನೇತ್ರಾವತಿಯಿಂದ ತೊಕ್ಕೊಟ್ಟಿನ ವರೆಗೆ ಬಾವನಾಗಿದ್ದ, ಕೋಟೆಕಾರಿನಿಂದ ರವಿಯಣ್ಣನಾದ. ಅಕ್ಕ ಗುರೂಜಿಯಾಗಲು ಒಪ್ಪಲಿಲ್ಲ. ಮುಂದಿನ ಸೀಟಿನ ಅಜ್ಜಿಯೊಬ್ಬರು ತಿರುಗಿ ನೋಡಿ, “ಎಂತ ಮಗಾ, ಬಾರೀ ಜೋರುಂಟಲ್ಲ” ಎಂದಾಗ ಒಂದು ಗಳಿಗೆ ನಾಚಿ, ಮತ್ತೆ ಶುರು ಮಾಡಿದ. ಆಂಗ್ಲ ಮಾಧ್ಯಮದ ಮಾತನ್ನು ಅಂದು ಯಾರೂ ಎತ್ತಲಿಲ್ಲ. ಜೂನಿಗೆ ಇನ್ನೂ ಹತ್ತು ತಿಂಗಳಿತ್ತು.

ತಲಪಾಡಿಯಲ್ಲಿ ಬಸ್ಸು ನಿಂತು ಹೊರಟಿತು. ಕತ್ತಲಾಗಿತ್ತು, ಗಾಜಿನ ಮೇಲೆ ನೀರಿಳಿಯುತ್ತಿತ್ತು. ಹುಡುಗ ಅಂಗಿಯ ತೋಳಿನಿಂದ ಗಾಜನ್ನು ಒರೆಸಿ ಹೊರಗೆ ಇಣುಕಿದ.

“ಇಲ್ಲಿಯಾ ಅಪ್ಪಾ, ಅವರ ಊರು?”

“ಹೂಂ, ಇದೇ ತುಮಿನಾಡು.”

ರಸ್ತೆಯ ಬದಿಯಲ್ಲಿ ದೀಪವುರಿಯುವ ಒಂದು ಅಂಗಡಿ, ಅದರ ಮಾಡಿನ ಕೆಳಗೆ ಮಳೆ ಬಿಡಲೆಂದು ಕಾದು ನಿಂತ ನಾಲ್ಕೈದು ಮಂದಿ. ಅವರಲ್ಲಿ ಒಬ್ಬ ಏನೋ ಹೇಳಿದ್ದಕ್ಕೆ ಉಳಿದವರು ನಗುತ್ತಿದ್ದರು.

“ಅಲ್ಲಿ ನೋಡು, ಬಾವ!” ಎಂದ ಹುಡುಗ. ಬಸ್ಸು ಮುಂದಕ್ಕೆ ಹೋಯಿತು.